ಕುಂಕುಮ ಇಟ್ಟ ನಕ್ಷೆ

ನಂಜನಗೂಡಿನಲ್ಲಿ ಭೂಗೋಳ ಪಾಠ ಹೇಳುವವಳು ನಾನು. ನಕ್ಷೆ ಅಂದರೆ ಗೋಡೆಗೆ ತೂಗುಹಾಕುವ ವಸ್ತು ಅಂತ ತಿಳಿದವರನ್ನು ಕಂಡರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ನನ್ನ ವಿದ್ಯಾರ್ಥಿಗಳು ಮಾಡಿದ್ದು ಅಂಥ ನಕ್ಷೆಯಲ್ಲ. ಕಪಿಲೆ ಉಕ್ಕಿದಾಗ ಮುಳುಗುವ ಬೀದಿಗಳನ್ನು ಸುತ್ತಿ, ಹಿಂದಿನ ಪ್ರವಾಹ ಗೋಡೆಗಳಲ್ಲಿ ಬಿಟ್ಟ ಕಲೆಗಳನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಂಡು, ಕಂಪ್ಯೂಟರಿನಲ್ಲಿ ನೆಲದ ಎತ್ತರ ತಗ್ಗುಗಳ ಮೇಲೆ ಕೂರಿಸಿದ್ದರು. ಹೊಳೆದಂಡೆಯ ಬೀದಿಯ ಹುಡುಗಿಯೊಬ್ಬಳು ನಾನು ಹೇಳಿಕೊಡದಿದ್ದನ್ನೂ ಸೇರಿಸಿದಳು: ನಡೆಯಲಾಗದವರು ಇರುವ ಮನೆಗಳು. ಮೊದಲ ಚುಕ್ಕಿ ಅವಳ ಅಜ್ಜಿಯದು. ಪ್ರತಿಸಲ ಗಂಜಿ ಕೇಂದ್ರ ತೆರೆಯುವ ಶಾಲೆಯ ದಾರಿ ಮನೆಗಳಿಗಿಂತ ಮೊದಲೇ ಮುಳುಗುತ್ತದೆ, ದಿಣ್ಣೆಯ ಮೇಲಿನ ಕಲ್ಯಾಣ ಮಂಟಪ ಮುಳುಗುವುದಿಲ್ಲ. ನಕ್ಷೆ ಇಷ್ಟನ್ನು ಕಣ್ಣಿಗೆ ಹೊಡೆಯುವಂತೆ ಹೇಳುತ್ತಿತ್ತು.

ಹೋದ ವರ್ಷ, ಪ್ರವಾಹದ ಉಸ್ತುವಾರಿ ಇದ್ದ ಕಚೇರಿಗೆ ಅದನ್ನು ಒಯ್ದೆವು. ಮಕ್ಕಳಿಗೆಲ್ಲ ಶಾಲು ಹೊದಿಸಿದರು. ಹುಡುಗಿ ಸಾಹೇಬರನ್ನು ನೇರವಾಗಿ ಕೇಳಿದಳು.

“ಮುಂದಿನ್ಸಲ ಜನಗಳ್ನ ಮಂಟಪಕ್ಕೆ ಕಳಿಸ್ತೀರಾ ಸಾ? ನಮ್ಮಜ್ಜಿಗೆ ನಡಿಯಕ್ಕಾಗಲ್ಲ.”

“ನೋಡಾನ ಬುಡವ್ವ, ಮೊದ್ಲು ಫೋಟೋಕ್ಕೆ ನಿಂತ್ಕೊ,” ಅಂದರು.

ಆಮೇಲೆ ನಾನು ಹೋಗಿ ಹೋಗಿ ಕೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಈ ಮಳೆಗಾಲ ಅಣೆಕಟ್ಟೆಯಿಂದ ನೀರು ಬಿಟ್ಟಾಗ, ಆಟೋದ ಮೈಕು ಅದೇ ಶಾಲೆಗೆ ಹೋಗಿ ಅಂತ ಕೂಗಿತು. ಹುಡುಗಿ ತನ್ನ ನಕ್ಷೆಯನ್ನೇ ನಂಬಿ, ಅಪ್ಪನ ಜೊತೆ ಅಜ್ಜಿಯನ್ನು ಕುರ್ಚಿಯಲ್ಲಿ ಹೊತ್ತು ಮಂಟಪಕ್ಕೆ ಹೋದಳು. ಬೀಗ ಹಾಕಿತ್ತು. ಕಚೇರಿಯವರು ಹೇಳದೆ ತೆಗೆಯುವುದಿಲ್ಲ ಅಂದರಂತೆ ಮಂಟಪದವರು. ಅವಳು ನನಗೆ ಫೋನ್ ಮಾಡಿದಾಗ ಅಜ್ಜಿ ಮೆಟ್ಟಿಲ ಮೇಲೆ ಮಳೆಯಲ್ಲಿ ನೆನೆಯುತ್ತಿದ್ದರು.

ಕಚೇರಿಗೆ ನುಗ್ಗಿದೆ. ನಕ್ಷೆ ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿತ್ತು. ಹೋದ ಆಯುಧಪೂಜೆಯಲ್ಲಿ ಬೀರು, ಜೀಪುಗಳ ಜೊತೆ ಅದಕ್ಕೂ ಪೂಜೆಯಾಗಿತ್ತು. ಗಾಜಿನ ಮೇಲೆ ಎಳೆದ ವಿಭೂತಿ ಹೊಳೆದಂಡೆಯ ಬೀದಿಗಳನ್ನು ಮುಚ್ಚಿತ್ತು, ಕುಂಕುಮ ಸರಿಯಾಗಿ ದಿಣ್ಣೆಯ ಮೇಲೆ ಕೂತಿತ್ತು. ಅಷ್ಟು ತಿಂಗಳು ಒಬ್ಬನೇ ಒಬ್ಬ ಪುಣ್ಯಾತ್ಮ ಅದನ್ನು ಒರೆಸಿ ನೋಡಿರಲಿಲ್ಲ. ನನಗೆ ಎಲ್ಲಿತ್ತೋ ಸಿಟ್ಟು, ಕಿತ್ತು ತಂದು ಸಾಹೇಬರ ಮೇಜಿನ ಮೇಲಿಟ್ಟು ಸೆರಗಿನಿಂದ ಉಜ್ಜತೊಡಗಿದೆ.

ಗುಮಾಸ್ತರು ಗಾಬರಿಯಾಗಿ ಎದ್ದು ಬಂದರು. “ಒರೆಸಬ್ಯಾಡಿ ಮೇಡಮ್, ಪೂಜೆ ಮಾಡಿರದು.”

ಮಂಟಪದ ಬೀಗ ತೆಗೆಸಿ, ಆಮೇಲೆ ಬೇಕಾದರೆ ಇನ್ನೊಂದು ಪೂಜೆ ಮಾಡಿ ಅಂದೆ. ಸಾಹೇಬರು ಕನ್ನಡಕ ಹಾಕಿಕೊಂಡು ನಕ್ಷೆಯ ಮೇಲೆ ಬಗ್ಗಿದರು.

“ಇದ್ರಲ್ಲಿ ಮಂಟಪ ಎಲ್ಲದೆ ಮೇಡಮ್?” ಅಂತ ನನ್ನನ್ನೇ ಕೇಳಿದರು.

ಅಜ್ಜಿ ಇನ್ನೂ ಮಳೆಯಲ್ಲೇ ಇದ್ದರು.