ತಣ್ಣಗಾಗದ ಡಬ್ಬಿ

ದೇವರನ್ನು ನಂಬುತ್ತೇನೆ, ಎರಡು ಹೊತ್ತೂ ದೀಪ ಹಚ್ಚುತ್ತೇನೆ. ಆದರೆ ಗಾಳಿ ಸೋಕಿತು, ಸೂಚನೆ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದವಳು ನಾನು. ಹೋದ ವರ್ಷ ಅವರೆಕಾಯಿ ಕಾಲದಲ್ಲಿ ನಡೆದ ಈ ಸಂಗತಿಯನ್ನು ನೀವೂ ನಂಬಬೇಕೆಂದಿಲ್ಲ. ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಅವತ್ತು ಮಧ್ಯಾಹ್ನ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ನಾವಿರುವುದು ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ. ನಮ್ಮ ಯಜಮಾನರು ಇಲ್ಲೇ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ಅವರ ಫೋನ್ ಬಂತು.

"ಊಟಕ್ಕೆ ಕಾಯ್ಬೇಡ ಕಣೇ. ಮೇಲ್ ಸರ್ವರ್ ಇನ್ನೂ ಅಂಗೇ ಐತೆ. ಸಾಯಂಕಾಲದೊಳ್ಗೆ ಸರಿ ಓಗ್ಲಿಲ್ಲ ಅಂದ್ರೆ ಕೆಲ್ಸ ಬೇರೆಯವ್ರಿಗೆ ಕೊಡ್ತೀನಿ ಅಂತ ಮ್ಯಾನೇಜರ್ ಅಂದ್ಬುಟ್ರು." ಆಮೇಲೆ, "ಸುನಂದಾನೂ ಊಟ ಬಿಟ್ಟು ಕೂತವ್ಳೆ, ಪಾಪ," ಎಂದರು.

ಕೆಲಸ ಹೋಗುತ್ತದೆ ಎಂಬ ಮಾತು ಚುಚ್ಚಿತು. ಆದರೆ ಆ 'ಪಾಪ' ಅದಕ್ಕಿಂತ ಜೋರಾಗಿ ಚುಚ್ಚಿತು.

ಮೇಲ್ ಸರ್ವರ್ ಎಂದರೆ ಕಾರ್ಖಾನೆಗೆ ಬರುವ, ಅಲ್ಲಿಂದ ಹೋಗುವ ಇಮೇಲನ್ನೆಲ್ಲ ಹಂಚುವ ಕಂಪ್ಯೂಟರಂತೆ. ಆ ವಾರವೆಲ್ಲ ಅದರ ಪ್ರೊಸೆಸರ್, ಅಂದರೆ ಮಿದುಳು, ಉಸಿರು ಬಿಡದೆ ದುಡಿದು ಕಾದು ಸುಡುತ್ತಿತ್ತು. ಆರಿಸಿ ಹೊತ್ತಿಸಿದರು, ವೈರಸ್ ಹುಡುಕಿದರು. ಬಿಸಿ ಒಂದು ಗಳಿಗೆ ಇಳಿದು ಮತ್ತೆ ಏರುತ್ತಿತ್ತು. ಅದರ ಮುಂದೆ ಬೆಳಗಿನಿಂದ ಇವರೂ ಸುನಂದಾಳೂ. ಅವಳು ಇವರ ಜೊತೆ ಕೆಲಸ ಮಾಡುವವಳು, ಬಂಗಾರಪೇಟೆಯಿಂದ ರೈಲಿನಲ್ಲಿ ಬರುತ್ತಾಳೆ. ಮನೆಗೆ ಬಂದರೂ ಇವರ ಬಾಯಲ್ಲಿ ಸುನಂದಾ ಇಂಗಂದ್ಲು, ಸುನಂದಾ ಅಂಗಂದ್ಲು.

ಯಂತ್ರ ಕೆಟ್ಟ ದಿನವೇ ಅವಳು ಒಂದು ಸ್ಟೀಲ್ ಡಬ್ಬಿಯಲ್ಲಿ ಒಬ್ಬಟ್ಟು ಕೊಟ್ಟು ಕಳಿಸಿದ್ದಳು. ಇವರು ತಿಂದು, "ಎಷ್ಟು ಮೆತ್ತಗೈತೆ ನೋಡು," ಎಂದರು. ನನ್ನ ಒಬ್ಬಟ್ಟಿಗೆ ಆ ಮಾತು ಯಾವತ್ತೂ ಬಂದಿಲ್ಲ. ನಮ್ಮ ಕಡೆ ಬಂದ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ; ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಹಾಕುತ್ತೇವೆ. ನಾನು ಸಕ್ಕರೆ ಹಾಕಲಿಲ್ಲ, ಕೂತು ಕಜ್ಜಾಯ ಸುಟ್ಟು ತುಂಬಿದೆ. ಅದೇ ಡಬ್ಬಿ ಮಾರನೇ ದಿನ ಕೋಡುಬಳೆ ಹೊತ್ತು ಬಂತು. ನಾನು ರವೆಉಂಡೆ ಕಳಿಸಿದೆ. ಅವಳೂ ಬಿಡಲಿಲ್ಲ.

ಪಕ್ಕದ ಮನೆ ಮಣಿಯಮ್ಮ ನೋಡಿ ನಕ್ಕಿದ್ದಳು. "ಏನಕ್ಕಾ, ನಿಮ್ಮನೆ ಡಬ್ಬಿ ದಿನಾ ಬಂಗಾರಪೇಟೆಗೆ ಓಗಿ ಬತ್ತೈತೆ. ರೈಲ್ ಪಾಸ್ ಮಾಡ್ಸಿದ್ದೀರಾ?"

ಅವತ್ತಿನ ಹಿತಕಿದ ಬೇಳೆಯೂ ಅವಳನ್ನು ಸೋಲಿಸಲಿಕ್ಕೇ. ಫೋನ್ ಇಟ್ಟು, ಡಬ್ಬಿ ತೊಳೆದಿಡೋಣವೆಂದು ಎದ್ದೆ. ಬೆಳಗಿನಿಂದ ಖಾಲಿ ಬಿದ್ದಿದ್ದ ಡಬ್ಬಿ. ಮುಟ್ಟಿದರೆ ಸುಡುತ್ತಿತ್ತು.

ಬಿಸಿಲೆಂದುಕೊಂಡೆ, ಆದರೆ ನಮ್ಮ ಅಡುಗೆಮನೆಗೆ ಬಿಸಿಲೇ ಬೀಳುವುದಿಲ್ಲ. ಒಲೆ ಹಚ್ಚಿರಲಿಲ್ಲ. ಪುಣ್ಯಕ್ಕೆ ಅವತ್ತು ನಲ್ಲಿಯಲ್ಲಿ ನೀರಿತ್ತು, ಕೆಳಗೆ ಹಿಡಿದೆ. ಕೈ ಜೋಮು ಹಿಡಿಯಿತೇ ಹೊರತು ಡಬ್ಬಿ ತಣ್ಣಗಾಗಲಿಲ್ಲ. ನನಗೇ ಭ್ರಮೆಯೇನೋ ಎಂದು ಮಣಿಯಮ್ಮನನ್ನು ಕರೆದೆ.

ಅವಳು ಮುಟ್ಟಿ ಕೈ ಕಿತ್ತುಕೊಂಡಳು. "ಅಯ್ಯಯ್ಯೋ, ಜ್ವರ ಬಂದ ಮಗೀನ ಅಣೆ ಇದ್ದಂಗೈತಲ್ಲಕ್ಕಾ! ಏನ್ ಮಡಗಿದ್ರಿ ಇದ್ರಾಗೆ?"

"ಏನೂ ಇಲ್ಲ ಕಣೇ, ಖಾಲಿ."

ನನಗೆ ಭಯವಾಯಿತು. ಡಬ್ಬಿಯನ್ನು ಒಯ್ದು ಕೋಲಾರಮ್ಮನ ಪಟದ ಮುಂದಿಟ್ಟು, ಅಂಗೈ ಅದರ ಮೇಲಿಟ್ಟುಕೊಂಡೇ ಕೂತೆ. "ತಾಯಿ, ಅವ್ಳಿಗೆ ಸರಿಸಮ ಮಾಡೋಕೆ ನನ್ ಕೈಲಿ ಆಗಲ್ಲ. ಇದಕ್ಕೆ ಇನ್ನು ಏನೂ ತುಂಬಲ್ಲ, ವಾಪಸ್ಸೂ ಕಳ್ಸಲ್ಲ. ಇವ್ರ ಕೆಲ್ಸ ಒಂದು ಉಳ್ಸು," ಎಂದೆ. ಅಂಗೈ ಅಡಿಯಲ್ಲೇ ಡಬ್ಬಿ ತಣ್ಣಗಾಗುತ್ತಾ ಬಂತು. ಕೈ ಎತ್ತುವ ಮೊದಲೇ ಫೋನ್ ರಿಂಗಾಯಿತು.

"ಇಳೀತು ಕಣೇ! ಈಗ್ಲೇ, ಕಣ್ಮುಂದೇನೆ ಇಳೀತು!"

ರಜೆ ಹಾಕಿದ್ದ ಇಬ್ಬರು ಅಧಿಕಾರಿಗಳು 'ನಾನು ರಜೆಯಲ್ಲಿದ್ದೇನೆ' ಎಂಬ ಉತ್ತರ ತಾನಾಗಿಯೇ ಹೋಗುವಂತೆ ಮಾಡಿಟ್ಟಿದ್ದರಂತೆ. ಒಬ್ಬರ ಉತ್ತರಕ್ಕೆ ಇನ್ನೊಬ್ಬರ ಉತ್ತರ, ಅದಕ್ಕೆ ಮತ್ತೆ ಮೊದಲಿನವರದು, ವಾರವಿಡೀ ಅದೇ. ಹಾಗಾಗದಂತೆ ಸರ್ವರಿನಲ್ಲಿ ಒಂದು ತಡೆ ಇರುತ್ತದಂತೆ, ಅದನ್ನು ಯಾರೋ ತೆಗೆದಿದ್ದರು. ಒಂದು ಕಡೆಯ ಉತ್ತರ ನಿಲ್ಲಿಸಿದ್ದೇ ತಡ, ಎಲ್ಲ ತಣ್ಣಗಾಯಿತು.

"ಕಂಡುಹಿಡಿದಿದ್ದು ಯಾರು?" ಎಂದೆ.

"ಸುನಂದಾ."

ಅದೂ ಅವಳೇ. ಇವರ ಕೆಲಸ ಉಳಿಯಿತು, ದೇವರು ದೊಡ್ಡವನು. ಆದರೂ ಹೇಳುತ್ತೇನೆ, ಅದನ್ನು ಬೇರೆ ಯಾರಾದರೂ ಕಂಡುಹಿಡಿದಿದ್ದರೆ ನನಗೆ ಇನ್ನೂ ಸಂತೋಷವಾಗುತ್ತಿತ್ತು.

ಡಬ್ಬಿಯ ವಿಷಯ ಕೇಳಿ ಇವರು, "ಬಿಸ್ನೀರ್ ಬಿದ್ದಿರ್ತೈತೆ ಬಿಡೇ," ಎಂದರು. ಮಣಿಯಮ್ಮ ಅಮ್ಮನ ಮಹಿಮೆ ಎಂದು ಲೈನೆಲ್ಲಾ ಸಾರಿದಳು. ನನ್ನ ಮನಸ್ಸಿಗೆ ಎರಡೂ ಒಪ್ಪುವುದಿಲ್ಲ. ಸುನಂದಾ ಒಮ್ಮೆ ಡಬ್ಬಿ ಕೇಳಿ ಕಳಿಸಿದಾಗ, ಹರಕೆಗೆ ಇಟ್ಟಿದ್ದೇನೆ ಎಂದು ಹೇಳಿಸಿ ಹೊಸದೊಂದು ಕೊಡಿಸಿದೆ. ಹಳೆಯದು ಪಟದ ಪಕ್ಕದಲ್ಲೇ ಇದೆ, ಖಾಲಿ. ಇವರು ಬರುವುದು ತಡವಾದ ದಿನ ಹೋಗಿ ಮುಟ್ಟಿ ನೋಡುತ್ತೇನೆ. ಇದುವರೆಗೆ ತಣ್ಣಗೇ ಇದೆ.

ಅವತ್ತು ಫೋನ್ ಇಟ್ಟ ಮೇಲೆ ಮಣಿಯಮ್ಮನನ್ನೂ ಕೂರಿಸಿಕೊಂಡು ಉಳಿದ ಅವರೆಕಾಳು ಹಿತುಕಲು ಕೂತೆ. ಅಷ್ಟೂ ಕಾಳು ನಮ್ಮ ಮನೆ ಸಾರಿಗೆ.