ಸಿದ್ದಗಂಗಮ್ಮನವರ ಟ್ರ್ಯಾಕ್ಟರು ಮತ್ತು ನನ್ನ ಹೆಬ್ಬೆರಳು

ಕಳೆದ ಶುಕ್ರವಾರ ನಾನು ಒಂದು ಟ್ರ್ಯಾಕ್ಟರಿಗೆ ಒದ್ದೆ. ಬಲಗಾಲಿನ ಹೆಬ್ಬೆರಳು ಊದಿಕೊಂಡು ಬದನೆಕಾಯಿಯ ಬಣ್ಣಕ್ಕೆ ತಿರುಗಿರುವುದರಿಂದ ಇದನ್ನು ಮುಚ್ಚಿಡುವ ಹಾಗಿಲ್ಲ. ಅರವತ್ತಮೂರು ವರ್ಷದ, ದಿನವೂ ಬೆಳಿಗ್ಗೆ ತಪ್ಪದೆ ಪ್ರಾಣಾಯಾಮ ಮಾಡುವ ಮನುಷ್ಯ ಅಷ್ಟು ದೊಡ್ಡ ಕಬ್ಬಿಣದ ರಾಶಿಗೆ ಒದೆಯುತ್ತಾನೆಂದರೆ ಏನೋ ಕಾರಣ ಇರಬೇಕಲ್ಲ? ಇತ್ತು.

ಟ್ರ್ಯಾಕ್ಟರು ನಮ್ಮ ಅತ್ತೆ ಸಿದ್ದಗಂಗಮ್ಮನವರದು. ಮಾವ ತೀರಿಕೊಂಡ ಮೇಲೆ ಕೆಂಗೇರಿಯಾಚೆಗಿನ ರಾಗಿ ಹೊಲವನ್ನು ಇಪ್ಪತ್ತು ವರ್ಷ ಅವರೇ ಇದನ್ನು ಓಡಿಸಿಕೊಂಡು ಉತ್ತರು. ಹೊಲ ಬಡಾವಣೆಯಾಯಿತು. ಅತ್ತೆ ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಗೆ ಬಂದರು. ಹಿಂದೆಯೇ ಟ್ರ್ಯಾಕ್ಟರೂ ಬಂದು ಪಕ್ಕದ ಖಾಲಿ ಸೈಟಿನಲ್ಲಿ ನಿಂತಿತು, ನಿಂತೇಬಿಟ್ಟಿತು. ಅದರ ಸೀಟಿನ ಮೇಲೆ ಒಂದು ಬೀದಿ ಬೆಕ್ಕು ಮೂರು ಸಲ ಮರಿ ಹಾಕಿದೆ.

ಈಗ ಆ ಸೈಟಿನವರು ಮನೆ ಕಟ್ಟಿಸುತ್ತಿದ್ದಾರೆ. ಸೋಮವಾರ ಜೆಸಿಬಿ ಬರುತ್ತದೆ, ಅಷ್ಟರೊಳಗೆ ಗಾಡಿ ತೆಗೆಯಿರಿ ಎಂದರು. ತಾವರೆಕೆರೆಯ ಹತ್ತಿರ ಹೂವಿನ ತೋಟ ಮಾಡಿರುವ, ಅತ್ತೆಯ ತಂಗಿಯ ಮಗಳು ಶೈಲಜಾ, "ಸ್ಟಾರ್ಟ್ ಆದ್ರೆ ನಾನೇ ತಗೊಂಡ್ ಹೋಗ್ತೀನಿ ಭಾವ, ಆಗ್ಲಿಲ್ಲ ಅಂದ್ರೆ ಬೇಡ" ಎಂದಳು. ಆಗದಿದ್ದರೆ ಗುಜರಿಯವನು ಗ್ಯಾಸ್ ಕಟರ್ ತಂದು ಅಲ್ಲೇ ತುಂಡು ಮಾಡಿ ಒಯ್ಯುವುದೆಂದು ಮಾತಾಯಿತು. ಅದನ್ನು ಕೇಳಿದ ಅತ್ತೆ ಆ ದಿನ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದರು.

"ನಾನಿದ್ದೀನಲ್ಲ" ಎಂದೆ. ಹಾಗೆ ಹೇಳುವ ಹಕ್ಕು ನನಗಿತ್ತು. ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಡೀಸೆಲ್ ಎಂಜಿನ್ ಪಾಠ ಮಾಡಿದವನು ನಾನು. ನಾಲ್ಕು ಸ್ಟ್ರೋಕುಗಳನ್ನು ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಹೊರಗಿನ ಕಿಡಿ ಬೇಡದ, ಬರೀ ಗಾಳಿಯನ್ನು ಅದುಮಿ ಅದುಮಿ ತನ್ನೊಳಗೇ ಬೆಂಕಿ ಹುಟ್ಟಿಸಿಕೊಳ್ಳುವ ಈ ಎಂಜಿನ್ನಿನ ಸ್ವಭಾವ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನದೂ ಅದೇ ಎಂದು ಹೆಂಡತಿ ಗಿರಿಜಾ ಹೇಳುತ್ತಾಳೆ.

ಮಂಗಳವಾರ ಹೊಸ ಬ್ಯಾಟರಿ ಹಾಕಿಸಿದೆ. ಕೀಲಿ ತಿರುವಿದರೆ ಗರ್ರ್ ಗರ್ರ್ ಎಂದು ಲವಲವಿಕೆಯಿಂದ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಬುಧವಾರ ಟ್ಯಾಂಕು ಬರಿದು ಮಾಡಿ ಹೊಸ ಡೀಸೆಲ್ ತುಂಬಿ, ಫಿಲ್ಟರ್ ಬದಲಿಸಿ, ಕೊಳವೆಯಲ್ಲಿ ಸೇರಿಕೊಂಡ ಗಾಳಿಯನ್ನೆಲ್ಲ ಗುಳ್ಳೆ ನಿಲ್ಲುವ ತನಕ ಹೊರಗೆ ಬಿಟ್ಟೆ. ಮತ್ತೆ ಗರ್ರ್ ಗರ್ರ್. ಗುರುವಾರ ಮಾಗಡಿ ರಸ್ತೆಯಿಂದ ಮೆಕ್ಯಾನಿಕ್ ರವಿ ಬಂದು, ಎಂಜಿನ್ನಿಗೆ ಕಿವಿಯಿಟ್ಟು, "ಪಂಪ್ ಹೋಗಿದೆ ಸಾರ್. ಬಿಚ್ಚಿ ಕಳಿಸ್ಬೇಕು, ಹದಿನೈದು ದಿನ ಆಗತ್ತೆ" ಎಂದ.

"ನನ್ಗಿರೋದು ನಾಲ್ಕು ದಿನ ಕಣಯ್ಯಾ!"

"ಹಂಗಾದ್ರೆ ಗುಜರಿನೇ ಬೆಸ್ಟು ಸಾರ್."

ಅವನನ್ನು ಗೇಟಿನ ತನಕ ಬೈದುಕೊಂಡೇ ಬಿಟ್ಟುಬಂದೆ. ದಾರಿಹೋಕರದು ಇನ್ನೊಂದು ಕಾಟ. ಈ ಊರಿನಲ್ಲಿ ಕೆಟ್ಟ ಗಾಡಿಯ ಮುಂದೆ ನಿಂತವನಿಗೆ ಸಲಹೆ ಕೊಡದೆ ಯಾರೂ ಮುಂದೆ ಹೋಗುವುದಿಲ್ಲ. ಹಾಲು ತರಲು ಹೊರಟವರು ಬ್ಯಾಟರಿ ವೀಕು ಎಂದರು. ವಾಕಿಂಗಿನವರು ತಳ್ಳಿ ನೋಡಿ ಎಂದರು. ಪಾರ್ಸೆಲ್ ಕೊಡಲು ಬಂದ ಒಬ್ಬ, "ಸರ, ನಮ್ಮ ಕಡೆ ಇಂಥಾವಕ್ಕ ಒಂದು ನಿಂಬಿಹಣ್ಣು ಕಟ್ತಾರ್ರೀ" ಎಂದ. ಯಂತ್ರ ಎಂಬ ಶಬ್ದದ ಮೂಲದಲ್ಲಿ ಹಿಡಿತದಲ್ಲಿಡುವುದು ಎಂಬ ಅರ್ಥವಿದೆ. ತಾಯಿತದೊಳಗಿನ ತಗಡಿಗೂ ಯಂತ್ರ ಎನ್ನುತ್ತೇವೆ. ಶುಕ್ರವಾರದ ಹೊತ್ತಿಗೆ ಯಾರು ಯಾರ ಹಿಡಿತದಲ್ಲಿದ್ದಾರೆಂಬುದು ಇಡೀ ಬೀದಿಗೆ ಸ್ಪಷ್ಟವಾಗಿತ್ತು. ನಿಂಬೆಹಣ್ಣು ಕಟ್ಟಲಿಲ್ಲ. ಒದ್ದೆ.

ಶನಿವಾರ ಬೆಳಿಗ್ಗೆ ಕುಂಟುತ್ತಾ ಸೈಟಿಗೆ ಹೋದರೆ ಅತ್ತೆ ಆಗಲೇ ಅಲ್ಲಿ ಕೋಲೂರಿಕೊಂಡು ನಿಂತಿದ್ದರು.

"ಇನ್ನೊಂದ್ಸಲ ತಿರುಗ್ಸಿ" ಎಂದರು.

ತಿರುಗಿಸಿದೆ. ಅವರು ಎಂಜಿನ್ನಿನ ಕಡೆ ನೋಡಲೇ ಇಲ್ಲ. ಮೇಲಕ್ಕೆ ಚಾಚಿಕೊಂಡಿದ್ದ ಹೊಗೆಕೊಳವೆಯನ್ನು ನೋಡುತ್ತಿದ್ದರು.

"ಹೊಗೆ ಎಲ್ಲಿ?"

ನಾನೂ ಆಗ ಮೇಲೆ ನೋಡಿದೆ.

"ಬಿಳಿ ಹೊಗೆನೂ ಇಲ್ಲ, ಕರಿ ಹೊಗೆನೂ ಇಲ್ಲ. ಒಳಕ್ಕೆ ಡೀಸೆಲ್ಲೇ ಹೋಗ್ತಿಲ್ಲ. ಬಂದ್ ಮಾಡೋ ಗುಂಡಿ ನೋಡಿದ್ರಾ?"

ಈ ಹಳೆಯ ಟ್ರ್ಯಾಕ್ಟರನ್ನು ನಿಲ್ಲಿಸುವುದು ಕೀಲಿಯಿಂದಲ್ಲ. ಸ್ಟೀರಿಂಗಿನ ಕೆಳಗಿನ ಗುಂಡಿಯನ್ನು ಎಳೆದರೆ ಒಂದು ತಂತಿ ಪಂಪಿನ ಮೇಲಿನ ಸಣ್ಣ ಲಿವರನ್ನು ಎಳೆಯುತ್ತದೆ, ಡೀಸೆಲ್ ನಿಲ್ಲುತ್ತದೆ. ಓಡಬೇಕಾದರೆ ಗುಂಡಿ ಒಳಗಿರಬೇಕು.

"ಗುಂಡಿ ಒಳಗೇ ಇದೆ ಅತ್ತೆ" ಎಂದೆ, ಸ್ವಲ್ಪ ಜೋರಾಗಿಯೇ.

"ಗುಂಡಿ ಒಳಗಿರತ್ತೆ. ತಂತಿಗೆ ತುಕ್ಕು ಹಿಡಿದ್ರೆ ಆ ಕಡೆ ತುದಿ ವಾಪಸ್ ಬರಲ್ಲ. ಬಗ್ಗಿ ನೋಡಿ."

ಬಗ್ಗಿ ನೋಡಿದೆ. ಜೇಡರ ಬಲೆಯ ಹಿಂದೆ ಆ ಲಿವರು ಬಂದ್ ಆದ ಕಡೆಗೇ ಕಚ್ಚಿಕೊಂಡು ಕೂತಿತ್ತು. ಬೆರಳಿನಿಂದ ತಳ್ಳಿದೆ. ಕಟ್ ಎಂದು ಸರಿಯಿತು. ಕೀಲಿ ತಿರುವಿದೆ. ಎರಡು ಸಲ ಕೆಮ್ಮಿ, ಬಿಳಿ ಹೊಗೆ ಉಗುಳಿ, ಆಮೇಲೆ ಕರಿ ಹೊಗೆ ಕಾರಿ, ಮೂರನೇ ಮಹಡಿಯಲ್ಲಿ ಒಣಹಾಕಿದ್ದ ಬಟ್ಟೆಗಳೂ ಬೆಚ್ಚುವ ಹಾಗೆ ಅದು ಗುಡುಗಿತು. ಅತ್ತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಅದು ನಡುಗುವುದನ್ನು ನೋಡುತ್ತಾ ನಿಂತರು.

ನನಗೆ ಸಂತೋಷವಾಗಬೇಕಿತ್ತು. ಬಂದದ್ದು ಕೋಪ. ಎಂಜಿನ್ನಿನ ಸದ್ದಿಗಿಂತ ಎತ್ತರದ ದನಿಯಲ್ಲಿ ಕೂಗಿದೆ: "ಮಂಗಳವಾರವೇ ಹೇಳ್ಬಾರ್ದಿತ್ತಾ ಅತ್ತೆ?"

"ಹೇಳಕ್ಕೇ ಬಂದಿದ್ದೆ. ನೀವು, ಬಿಸಿಲಲ್ಲಿ ನಿಲ್ಬೇಡಿ, ಒಳಗೆ ಹೋಗಿ ಅಂದ್ರಿ. ಬುಧವಾರನೂ ಬಂದೆ. ಗಿರಿಜಾ, ಅಮ್ಮನ್ನ ಕರ್ಕೊಂಡ್ ಹೋಗು ಅಂತ ಕೂಗಿದ್ರಿ."

ಅಂದಿದ್ದೆ. ಕೂಗಿದ್ದೆ. ಹಾಲಿನವರ, ವಾಕಿಂಗಿನವರ, ನಿಂಬೆಹಣ್ಣಿನವರ ಸಲಹೆಗಳನ್ನಾದರೂ ಬೈಯುವ ಮುಂಚೆ ಪೂರ್ತಿ ಕೇಳಿಸಿಕೊಂಡಿದ್ದೆ. ಆ ಟ್ರ್ಯಾಕ್ಟರಿನಲ್ಲಿ ಇಪ್ಪತ್ತು ವರ್ಷ ಉತ್ತ ಒಬ್ಬರನ್ನು ಮಾತ್ರ ನೆರಳಿಗೆ ಕಳಿಸಿದ್ದೆ. ಯಾವ ಹೊಗೆಗೆ ಯಾವ ದೋಷ ಎಂಬ ಪಟ್ಟಿಯನ್ನು ವರ್ಷವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾಲ್ಕು ದಿನದಲ್ಲಿ ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಈಗ ಬೈಯಬೇಕಾದವನು ಯಾರೆಂದು ಗೊತ್ತಾಯಿತು. ಅವನ ಕಾಲು ಆಗಲೇ ಊದಿತ್ತು.

ಭಾನುವಾರ ಶೈಲಜಾ ಬಂದಳು. ಸೈಟಿನಿಂದ ರಸ್ತೆಗೆ ತಾವೇ ಇಳಿಸುವುದಾಗಿ ಹೇಳಿ ಎಪ್ಪತ್ತೆಂಟರ ಅತ್ತೆ ಸೆರಗು ಸಿಕ್ಕಿಸಿ ಹತ್ತಿ ಕೂತರು. ಗಿರಿಜಾ ಬೇಡಮ್ಮ ಬೇಡಮ್ಮ ಎನ್ನುತ್ತಲೇ ಇದ್ದಳು. ನಾನು ಮಾತ್ರ ಬಾಯಿ ಮುಚ್ಚಿಕೊಂಡು ಮುಂದೆ ನಡೆದು, ಸ್ಕೂಟರುಗಳನ್ನು ತಡೆದು ನಿಲ್ಲಿಸಿದೆ. ರಸ್ತೆಯ ತಿರುವಿನ ತನಕ ಓಡಿಸಿ, ಇಳಿದು, ಕೀಲಿಯನ್ನು ಶೈಲಜಾಳ ಕೈಗಿತ್ತು, ಅತ್ತೆ ಹಿಂತಿರುಗಿ ನೋಡದೆ ಮನೆಗೆ ಬಂದರು. ಆ ಮಧ್ಯಾಹ್ನ ಮುದ್ದೆಯನ್ನು ಪೂರ್ತಿ ಉಂಡರು.

ಬುಧವಾರ ಬಟ್ಟೆ ಒಗೆಯುವ ಯಂತ್ರ ನಡುವೆಯೇ ನಿಂತಿತು. ನಾನು ಏನನ್ನೂ ಮುಟ್ಟಲಿಲ್ಲ, ಒದೆಯಲೂ ಇಲ್ಲ. ನೇರವಾಗಿ ಅತ್ತೆಯ ಬಳಿ ಹೋಗಿ, ಕುರ್ಚಿ ಎಳೆದುಕೊಂಡು ಕೂತು, ಎಲ್ಲ ವಿವರಿಸಿ, "ನಿಮಗೇನನ್ನಿಸತ್ತೆ ಅತ್ತೆ?" ಎಂದು ವಿನಯದಿಂದ ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು.

"ನಂಗೇನ್ ಗೊತ್ತು ಅದೆಲ್ಲ? ಎಂಜಿನ್ ಮೇಷ್ಟ್ರು ನೀವಲ್ವಾ?"