ಚೀಫ್ ಎಂಜಿನಿಯರ್ ಸಾಹೇಬರ ಬೂದು ವೈರುಗಳು

ಆ ವ್ಯಾನಿಗೆ ಹತ್ತೊಂಬತ್ತು ವರ್ಷ. ಅದರ ಯಜಮಾನರನ್ನು ಊರಿನ ಮೆಕ್ಯಾನಿಕ್ಕುಗಳೆಲ್ಲ 'ಚೀಫ್ ಎಂಜಿನಿಯರ್' ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ, ಮುಸಿಮುಸಿ ನಗುತ್ತ. ಒಂದು ದಿನ ಅದು ಅವರ ಕಿವಿಗೇ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದರು. ಇವರು ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿದರು: "ಅಂತೂ ಗುರುತಿಸಿದ್ರು ಕಣೇ. ತಡ ಆಯ್ತು, ಆದ್ರೂ ಗುರುತಿಸಿದ್ರು."

ನಿಜಕ್ಕೆ ಅವರು ಟೆಲಿಫೋನ್ ಕಚೇರಿಯ ಉಗ್ರಾಣದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ವೈರಿನ ಸುರುಳಿಗಳ ಮಧ್ಯೆ ಮೂವತ್ತು ವರ್ಷ ಕುಳಿತು ಕುಳಿತು, ಅದರೊಳಗೆ ಹರಿಯುವ ಕರೆಂಟಿನ ಗುಣಸ್ವಭಾವ ತಮಗೆ ತಿಳಿದಷ್ಟು ಇನ್ಯಾರಿಗೂ ತಿಳಿಯದು ಎಂಬ ನಂಬಿಕೆ ಅವರಿಗೆ ಹೇಗೋ ಬಂದುಬಿಟ್ಟಿತ್ತು. ವ್ಯಾನಿನ ಹಾರ್ನು ಮೊದಲ ಸಲ ಕೈಕೊಟ್ಟಾಗ ಮೆಕ್ಯಾನಿಕ್ ಹಾಕಿದ್ದ ವೈರನ್ನು ಅಂದೇ ಕಿತ್ತು ಬಿಸಾಕಿ ತಾವೇ ಹೊಸದು ಎಳೆದರು. ಕಚೇರಿಯವರು ರದ್ದಿಗೆ ಹಾಕಿದ ಒಂದು ಭಾರಿ ಸುರುಳಿಯನ್ನು ಅವರು ಹರಾಜಿನಲ್ಲಿ ಹಿಡಿದಿದ್ದರು. ಅದು ತಲೆಯಿಂದ ಬುಡದವರೆಗೂ ಬೂದು ಬಣ್ಣ. ಹಾರ್ನಿಗೂ ಬೂದು, ವೈಪರಿಗೂ ಬೂದು, ಹಿಂದಿನ ದೀಪಕ್ಕೂ ಬೂದು. ಕಂಪನಿಯವರು ಹಾಕಿಕೊಟ್ಟಿದ್ದ ಕೆಂಪು ಹಳದಿ ವೈರುಗಳು ವರ್ಷವರ್ಷ ಒಂದೊಂದೇ ಮಾಯವಾಗಿ, ಕೊನೆಗೆ ಬಾನೆಟ್ ಎತ್ತಿದರೆ ಒಳಗೆ ಯಾವುದೋ ಅಜ್ಜಿ ಕೂದಲು ಬಿಚ್ಚಿ ಮಲಗಿದ ಹಾಗೆ ಕಾಣುತ್ತಿತ್ತು. ಯಾವ ವೈರು ಎಲ್ಲಿಗೆ ಹೋಗುತ್ತದೆಂದು ಯಾರಾದರೂ ಕೇಳಿದರೆ, "ಬಣ್ಣಬಣ್ಣದ ವೈರು ಕೆಲಸ ಬರ್ದೆ ಇರೋರಿಗೆ. ನಕ್ಷೆ ಇಲ್ಲಿದೆ," ಎಂದು ತೋರುಬೆರಳಿನಿಂದ ಹಣೆ ತಟ್ಟಿಕೊಳ್ಳುತ್ತಿದ್ದರು.

ಎರಡು ತಿಂಗಳ ಹಿಂದೆ ಆ ಹಣೆಯ ಹಿಂದೆಯೇ ಎಲ್ಲೋ ಒಂದು ರಕ್ತನಾಳ ಒಡೆಯಿತು.

ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಹೋಯಿತು. ಉಳಿದದ್ದು ಒಂದೇ ಒಂದು ಪದ, "ಸರಿ." ಹುಟ್ಟಿದಾಗಿನಿಂದ ಯಾರ ಮಾತಿಗೂ ಸರಿ ಎನ್ನದಿದ್ದ ಮನುಷ್ಯ. ನೀರು ಬೇಕಾ ಎಂದರೆ ಸರಿ, ಬೇಡವಾ ಎಂದರೂ ಸರಿ. ಹೆಂಡತಿ ಡಾಕ್ಟರನ್ನು ಕೇಳಿದಳು. "ಮಾತಿನ ಜಾಗಕ್ಕೆ ಪೆಟ್ಟು ಬಿದ್ದಿದೆಯಮ್ಮ. ಒಳಗೆ ಎಷ್ಟು ತಿಳಿಯುತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ. ಕೆಲವ್ರಿಗೆ ಎಲ್ಲಾ ಗೊತ್ತಿರುತ್ತೆ, ಬಾಯಿಗೆ ಮಾತ್ರ ಬರಲ್ಲ. ಇನ್ನು ಕೆಲವ್ರಿಗೆ..." ಎಂದು ಡಾಕ್ಟರು ಅಲ್ಲಿಗೇ ನಿಲ್ಲಿಸಿ ಮುಂದಿನವರ ಫೈಲು ತೆರೆದರು. ಆಕೆ ಮೊದಲ ಅರ್ಧವನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ಬಂದಳು. ಯಜಮಾನರು ಒಳಗಿದ್ದಾರೆ. ಚಿಲಕ ಹಾಕಿಕೊಂಡು ಕೂತಿದ್ದಾರೆ, ಅಷ್ಟೇ. ಹೊರಗಿನಿಂದ ತಕ್ಕ ಹಾಗೆ ಬಾಗಿಲು ಬಡಿಯಬೇಕು.

ಬಡಿದು ನೋಡಿದಳು. ಊಟಕ್ಕೆ ಉಪ್ಪೇ ಹಾಕದೆ ಬಡಿಸಿದಳು. ಸರಿ. ಅವರಿಗೆ ಕಂಡರಾಗದ ಷಡ್ಡಕನನ್ನು ಕರೆಸಿ ಮಂಚದ ಪಕ್ಕ ಒಂದು ಗಂಟೆ ಕೂರಿಸಿದಳು. ಸರಿ. ಇರಲಿ, ಕಾಯಿಲೆಯಲ್ಲಿ ನಾಲಿಗೆ ಕೆಟ್ಟಿರುತ್ತದೆ, ಷಡ್ಡಕನ ಮಾತು ಆರೋಗ್ಯವಂತರ ಕಿವಿಗೂ ಹತ್ತುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅಷ್ಟರಲ್ಲಿ ವ್ಯಾನು ಕೆಟ್ಟಿತು. ವಾರಕ್ಕೆ ಮೂರು ದಿನ ಅವರನ್ನು ಕೈಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದೊಯ್ಯಬೇಕು. ವೀಲ್‌ಚೇರು ಏರುವಷ್ಟು ದೊಡ್ಡ ಬಾಗಿಲಿರುವುದು ಈ ವ್ಯಾನಿಗೇ. ಆದರೆ ದಿನಾ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗಿರುತ್ತಿತ್ತು. ಸೆಲ್ಫ್ ಹೊಡೆದರೆ ಮುದುಕರು ಗಂಟಲು ಸರಿಮಾಡಿಕೊಂಡಂತೆ ಒಂದು ಸದ್ದು, ಆಮೇಲೆ ಜಪ್ಪಯ್ಯ ಅಂದರೂ ಇಲ್ಲ. ಅಕ್ಕಪಕ್ಕದವರು ಬಂದು ತಳ್ಳಬೇಕು. ಆಕೆಗೆ ಡ್ರೈವಿಂಗ್ ಗೊತ್ತಿತ್ತು. ತಾವು ಹಿಂದಿನಿಂದ ತಳ್ಳುವಾಗ ಸ್ಟೀರಿಂಗ್ ಹಿಡಿಯಲು ಯಾರಾದರೂ ಬೇಕಲ್ಲ ಎಂದು ಯಜಮಾನರೇ ಕಲಿಸಿದ್ದರು.

ಆಕೆ ಒಂದೊಂದೇ ಗ್ಯಾರೇಜಿಗೆ ಹೋದಳು.

"ಅಮ್ಮಾ, ಆ ವ್ಯಾನಾ?" ಮೊದಲನೆಯವನು ಎದ್ದು ನಿಂತೇ ಕೈ ಮುಗಿದ. "ನಾನು ಸ್ಪ್ಯಾನರ್ ಹಿಡ್ಕೊಳ್ಳೋದೇ ತಪ್ಪು ಅಂದಿದ್ರು ನಿಮ್ಮೋರು. ನಮ್ಮಪ್ಪ ಹಿಡಿಸಿದ ಸ್ಪ್ಯಾನರ್ ಅಮ್ಮಾ ಅದು!"

ಎರಡನೆಯವನು ಬಾನೆಟ್ ಎತ್ತಿದ, ನೋಡಿದ, ಮಲಗಿದ ಮಗುವಿಗೆ ಎಚ್ಚರವಾಗದಂತೆ ಮೆಲ್ಲಗೆ ಇಳಿಸಿದ. "ಎಲ್ಲೋ ಒಂದು ವೈರು ಕರೆಂಟ್ ಕುಡೀತಾ ಇದೆ. ಯಾವ್ದು ಅಂತ ಹುಡುಕೋದು? ಇದಕ್ಕೆ ನಕ್ಷೆ ಇದ್ಯಾ?"

"ಇದೆ," ಎಂದಳು ಆಕೆ. "ಅವರ ತಲೇಲಿ."

ಆ ಮಾತು ಬಾಯಿಂದ ಬಿದ್ದ ಕ್ಷಣವೇ ಆಕೆಗೆ ದಾರಿ ಹೊಳೆಯಿತು. ಉಪ್ಪು, ಷಡ್ಡಕ ಇವೆಲ್ಲ ಏನು ಪರೀಕ್ಷೆ? ಗಾಡಿಯ ವಿಷಯದಲ್ಲಿ ತಪ್ಪು ಕಂಡರೆ ಅವರು ಸುಮ್ಮನಿರುವುದು ಸಾಧ್ಯವೇ ಇಲ್ಲ. ಸಾಯುತ್ತಿದ್ದರೂ ಎದ್ದು ಕೂತು ತಿದ್ದುವ ಜಾತಿ. ಅವರು ಒಳಗಿದ್ದಾರೋ ಇಲ್ಲವೋ ಎಂಬುದನ್ನು ಹೇಳಬೇಕಾದದ್ದು ಈ ವ್ಯಾನೇ. ಅದಕ್ಕೆ ಬೇಕಾದವನು ಒಳ್ಳೆಯ ಮೆಕ್ಯಾನಿಕ್ ಅಲ್ಲ, ಅವರ ಮೈಯೆಲ್ಲ ಉರಿಸಬಲ್ಲ ಮೆಕ್ಯಾನಿಕ್.

ಅಂಥವನು ಒಬ್ಬನಿದ್ದ, ಮೂಲೆ ಗ್ಯಾರೇಜಿನವನು. ಹನ್ನೊಂದು ವರ್ಷದ ಹಿಂದೆ ಈತ ವ್ಯಾನಿನ ಒಂದು ನಟ್ಟನ್ನು ಸ್ಪ್ಯಾನರ್ ಬಿಟ್ಟು ಕಟಿಂಗ್ ಪ್ಲೇಯರ್‌ನಲ್ಲಿ ತಿರುಗಿಸಿದ್ದನ್ನು ಚೀಫ್ ಎಂಜಿನಿಯರರು ಕಣ್ಣಾರೆ ಕಂಡುಬಿಟ್ಟಿದ್ದರು. ಬೆಳಿಗ್ಗೆ ಶುರುವಾದ ಜಗಳ ಸಂಜೆ ಬಾಗಿಲು ಹಾಕುವವರೆಗೂ ನಡೆಯಿತು. ಸಾಲದ್ದಕ್ಕೆ ಮರುದಿನ ನಾಲ್ಕು ಪುಟದ ರಿಜಿಸ್ಟರ್ ಪತ್ರ: ಅಂಶ ಒಂದು, ಅಂಶ ಎರಡು, ಕೊನೆಯಲ್ಲಿ 'ಪ್ರತಿ: ಕಡತಕ್ಕೆ'.

ಆತ ಆಕೆಯ ಮಾತನ್ನು ಪೂರ್ತಿ ಕೇಳಿ, ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ಅಂದ್ರೆ, ನಾನು ಬಂದು ಅವ್ರ ಹತ್ರ ಬೈಸ್ಕೋಬೇಕು?"

"ಹೌದು."

"ಹನ್ನೊಂದು ವರ್ಷದಿಂದ ನನ್ ಹತ್ರಾನೂ ಒಂದಷ್ಟು ಉತ್ತರ ಸ್ಟಾಕ್ ಇದೆ ಅಮ್ಮಾ. ತಿರುಗಿಸಿ ಅಂದ್ರೆ ಬೇಜಾರು ಮಾಡ್ಕೋಬಾರ್ದು."

"ಅನ್ನಪ್ಪ. ಎಷ್ಟು ಬೇಕೋ ಅಷ್ಟು ಅನ್ನು. ಅವರು ಜಗಳ ಆಡಿದ್ರೆ ಸಾಕು ನನಗೆ."

ಮರುದಿನ ಬೆಳಿಗ್ಗೆ ಮನೆಯ ಮುಂದೆ ವ್ಯಾನಿನ ಬಾನೆಟ್ ತೆರೆದಿತ್ತು. ಎದುರಿಗೆ ನೆರಳಿನಲ್ಲಿ ವೀಲ್‌ಚೇರು, ಅದರಲ್ಲಿ ಚೀಫ್ ಎಂಜಿನಿಯರರು. ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಆಕೆ ಅವರನ್ನು ಹೆಣ್ಣು ನೋಡಲು ಹೊರಟ ಗಂಡಿನಂತೆ ಸಿದ್ಧ ಮಾಡಿದ್ದಳು. ಮೆಕ್ಯಾನಿಕ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಏನ್ ಸಾರ್, ಗುರ್ತು ಸಿಕ್ತಾ? ಪ್ಲೇಯರ್!"

ಅವರು ಅವನನ್ನು ನೋಡಿದರು. ಬಾಯಿಯ ಎಡಗಡೆ ಒಂದು ನಗು ಬಂತು. "ಸರಿ."

"ಗುರ್ತು ಸಿಕ್ತು!" ಎಂದಳು ಆಕೆ.

ಮೆಕ್ಯಾನಿಕ್ ವೈರಿನ ಕಂತೆಯೊಳಗೆ ಕೈ ಹಾಕಿ ಒಂದನ್ನು ಎಳೆದು ಹಿಡಿದ. "ಇದು ಎಲ್ಲಿಗೆ ಸಾರ್? ದೀಪಕ್ಕಾ?"

"ಸರಿ."

"ಹಾರ್ನಿಗಾ?"

"ಸರಿ."

"ನಮ್ಮ ಮಾವನ ಮನೆಗಾ?"

"ಸರಿ."

ಆಕೆ ನಗಲಿಲ್ಲ. "ಬಾಯಿಂದ ಬೇಡಪ್ಪ, ಅದೊಂದು ಪದ ಸಿಕ್ಕಾಕ್ಕೊಂಡಿದೆ. ಎಡಗೈ ಚೆನ್ನಾಗಿದೆ, ತೋರಿಸ್ತಾರೆ. ರೀ, ಕೈಯಲ್ಲಿ ತೋರ್ಸಿ ನೋಡೋಣ, ಯಾವ್ದು ಅಂತ?" ಅವರು ಕೈ ಎತ್ತಲಿಲ್ಲ. ಆಕೆಯ ಮುಖವನ್ನೇ ಬಹಳ ಮರ್ಯಾದೆಯಿಂದ ನೋಡುತ್ತ ಕುಳಿತರು, ಬಸ್ಸಿನಲ್ಲಿ ಪರಿಚಯವಾದವರನ್ನು ನೋಡುವ ಹಾಗೆ.

ಆಕೆ ಮೆಕ್ಯಾನಿಕ್‌ನತ್ತ ತಿರುಗಿ ಕಣ್ಣಲ್ಲೇ ಸನ್ನೆ ಮಾಡಿದಳು. ಶುರು ಮಾಡು.

ಆತ ಗಂಟಲು ಏರಿಸಿದ. "ಸರಿ ಸಾರ್, ಹಾಗಾದ್ರೆ ನನಗೆ ತೋಚಿದ್ದು ಮಾಡ್ತೀನಿ. ಬ್ಯಾಟರಿ ತಂತಿ ಉಲ್ಟಾ ಕೊಡ್ತೀನಿ. ಪ್ಲಸ್ಸಿಗೆ ಮೈನಸ್ಸು. ಏನಂತೀರಾ?"

"ಸರಿ."

"ರೇಡಿಯೇಟರ್‌ಗೆ ನೀರು ಯಾಕೆ ಸುಮ್ನೆ, ಎಂಜಿನ್ ಆಯಿಲ್ ಸುರೀತೀನಿ."

"ಸರಿ."

"ಈ ವೈರಿಂಗ್ ಮಾಡಿದೋನು ಯಾರು ಸಾರ್? ಕತ್ತೆ ಕಾಯೋನಾ? ಕರೆಂಟು ಅಂದ್ರೆ ಏನೂಂತ ಗೊತ್ತಾ ಅವನಿಗೆ?"

ಆಕೆ ವೀಲ್‌ಚೇರಿನತ್ತ ಬಗ್ಗಿದಳು. ಈಗ. ಈಗ ಬರಬೇಕು.

"ಸರಿ," ಎಂದರು ಅವರು, ಅದೇ ಮರ್ಯಾದೆಯಿಂದ.

ಮೆಕ್ಯಾನಿಕ್ ತನ್ನ ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದ. ಅವರ ಕಣ್ಣೆದುರೇ ಬಗ್ಗಿ, ಬ್ಯಾಟರಿ ಬಿಗಿದಿದ್ದ ನಟ್ಟಿಗೆ ಅದನ್ನು ಕಚ್ಚಿಸಿ ತಿರುಚಿದ. ಕಬ್ಬಿಣ ಕಿರ್ರೆಂದಿತು. ಪ್ಲೇಯರ್ ಜಾರಿ, ನಟ್ಟಿನ ಮೂಲೆ ಸವೆದು ಬೆಳ್ಳಗೆ ಮಿಂಚಿತು. ಮತ್ತೆ ಕಚ್ಚಿಸಿದ, ಮತ್ತೆ ಜಾರಿತು. ಮೂವತ್ತೈದು ವರ್ಷ ಸಂಸಾರ ಮಾಡಿದ ಆಕೆಗೇ, "ಥೂ, ಸ್ಪ್ಯಾನರ್ ಹಾಕೋ!" ಎಂದು ಕಿರುಚುವಷ್ಟಾಯಿತು. ನಾಲಿಗೆ ಕಚ್ಚಿಕೊಂಡಳು.

ಅಷ್ಟರಲ್ಲಿ ಅವರ ಎಡಗೈ ಎದ್ದಿತು.

ಮೆಕ್ಯಾನಿಕ್ ತಿರುಚುವುದನ್ನು ನಿಲ್ಲಿಸಿದ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೈ ಮುಂದೆ ಬಂತು. ಪ್ಲೇಯರಿನ ಕಡೆಗೇ ಬಂತು. ಅದನ್ನು ದಾಟಿ ಮೆಕ್ಯಾನಿಕ್‌ನ ಭುಜದ ಮೇಲೆ ಕೂತಿತು. ಒಂದು ಸಲ, ಎರಡು ಸಲ, ಮೆಲ್ಲಗೆ ತಟ್ಟಿತು. ಯಾರ ಕೆಲಸವನ್ನೂ ಎಂದೂ ಭೇಷ್ ಎನ್ನದ ಕೈ.

"ಸರಿ," ಎಂದರು ಅವರು.

ಮೆಕ್ಯಾನಿಕ್‌ನ ಕೈಯಿಂದ ಪ್ಲೇಯರ್ ನೆಲಕ್ಕೆ ಬಿತ್ತು. ಆತ ಅವರ ಕುರ್ಚಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. "ಬೈರಿ ಸಾರ್," ಎಂದ. "ಒಂದೇ ಒಂದು ಸಲ ಬೈರಿ. ಮುಟ್ಠಾಳ ಅನ್ನಿ. ಪ್ಲೇಯರಲ್ಲಿ ನಟ್ಟು ಬಿಚ್ಚೋ ಮುಟ್ಠಾಳ ಅನ್ನಿ. ನನ್ ಕೈಯಲ್ಲಿ ನೋಡಕ್ಕಾಗ್ತಿಲ್ಲ ಸಾರ್."

"ಸರಿ."

ಮೆಕ್ಯಾನಿಕ್ ಎದ್ದು ಬಂದು ಆಕೆಯ ಪಕ್ಕ ನಿಂತು, ದನಿ ತಗ್ಗಿಸಿ ಹೇಳಿದ: "ಇವತ್ತು ಸಾಹೇಬ್ರಿಗೆ ಮನಸ್ಸಿಲ್ಲ ಅನ್ಸುತ್ತೆ ಅಮ್ಮಾ. ನಾಳೆ ಬರ್ತೀನಿ. ಇದಕ್ಕಿಂತ ಕೆಟ್ಟದಾಗಿ ಏನಾದ್ರೂ ಮಾಡಿ ತೋರಿಸ್ತೀನಿ."

ಆಕೆ ಬಾನೆಟ್ಟಿನ ಒಳಗೆ ನೋಡುತ್ತಿದ್ದಳು. ಪ್ರತಿ ವೈರಿನ ತುದಿಗೂ ಮೂರು ಸುತ್ತು ಟೇಪು, ಪ್ರತಿ ಸುತ್ತೂ ಅಚ್ಚುಕಟ್ಟು. "ಬೇಡಪ್ಪ," ಎಂದಳು. "ಎಲ್ಲಾ ಕಿತ್ತು ಹಾಕ್ಬಿಡು. ಹೊಸ ವೈರು ಎಳಿ. ಬಣ್ಣಬಣ್ಣದ್ದು."

"ಅವ್ರು ಕೈಯಾರೆ ಹಾಕಿದ್ದು ಅಮ್ಮಾ..."

"ಕಿತ್ತು ಹಾಕು ಅಂದ್ನಲ್ಲ."

ಕೀಳುವುದಕ್ಕೇ ಒಂದು ದಿನ ಹಿಡಿಯಿತು. ಅವರು ನೆರಳಿನಲ್ಲಿ ಕೂತು ಎಲ್ಲವನ್ನೂ ನೋಡಿದರು. ಮೊಳಮೊಳ ಬೂದು ವೈರು ಅಂಗಳಕ್ಕೆ ಬಂದು ಬೀಳುತ್ತಿದ್ದರೆ ಆಗಾಗ ತಲೆದೂಗಿದರು. ಹನ್ನೆರಡು ವೈರುಗಳು ಎಲ್ಲಿಂದಲೋ ಹೊರಟು ಎಲ್ಲಿಗೂ ಹೋಗಿರಲಿಲ್ಲ. ಕರೆಂಟು ಕುಡಿಯುತ್ತಿದ್ದುದು ಅವುಗಳಲ್ಲೇ ಒಂದು, ಮೈ ಸವೆದು ತಗಡಿಗೆ ತಾಗಿಕೊಂಡಿತ್ತು. ಅದನ್ನು ಆಕೆಗೆ ಹೇಳಹೊರಟ ಮೆಕ್ಯಾನಿಕ್ ಆಕೆಯ ಮುಖ ನೋಡಿ, ಆ ವೈರನ್ನೂ ರಾಶಿಗೆ ಎಸೆದ.

ಮೂರನೆಯ ದಿನ ಬೆಳಿಗ್ಗೆ ಆಕೆ ಅವರನ್ನು ವ್ಯಾನಿಗೆ ಏರಿಸಿ, ವೀಲ್‌ಚೇರಿಗೆ ಪಟ್ಟಿ ಬಿಗಿದು, ಸ್ಟೀರಿಂಗಿನ ಮುಂದೆ ಕೂತಳು. ತಳ್ಳುವುದಕ್ಕೆಂದು ಗೇಟಿಗೆ ಬಂದಿದ್ದ ಪಕ್ಕದ ಮನೆಯವರು ಪಂಚೆ ಎತ್ತಿ ಕಟ್ಟುವಷ್ಟರಲ್ಲಿ ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಅವರು ಪಂಚೆ ಇಳಿಸಿ, "ಅಬ್ಬ, ಗೆದ್ದುಬಿಟ್ರಿ!" ಎಂದರು.

ದೊಡ್ಡ ರಸ್ತೆಗೆ ಬಂದ ಮೇಲೆ ಆಕೆ ಎರಡನೆಯ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದಳು. ಮೂರಕ್ಕೆ ಹಾಕಲಿಲ್ಲ. ಎಂಜಿನ್ ಅರಚತೊಡಗಿತು. ಇನ್ನೂ ಒತ್ತಿದಳು. ಕಾಲಡಿಯ ತಗಡು ನಡುಗಿತು, ಫುಟ್‌ಪಾತಿನಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು, ಹಿಂದಿನಿಂದ ಬಂದ ಒಬ್ಬ ಲಾರಿ ಚಾಲಕ ಕಿಟಕಿಯಿಂದ ಕತ್ತು ಹೊರಚಾಚಿ, "ಅಮ್ಮಾ, ಗೇರು! ಗೇರು!" ಎಂದು ಕೂಗಿಕೊಂಡೇ ಮುಂದೆ ಹೋದ. ಆಕೆ ಕನ್ನಡಿಯಲ್ಲಿ ಕಣ್ಣು ನೆಟ್ಟಿದ್ದಳು. ಕನ್ನಡಿಯಲ್ಲಿ ಅವರು ಕಿಟಕಿಯಾಚೆ ಹಿಂದೆ ಸರಿಯುತ್ತಿದ್ದ ಅಂಗಡಿಗಳನ್ನು ನೋಡುತ್ತಿದ್ದರು.

ಮುಂದಿನ ತಿರುವಿನವರೆಗೂ ಹಾಗೆಯೇ ಓಡಿಸಿದಳು. ಆಮೇಲೆ ಕ್ಲಚ್ ಒತ್ತಿ ತಾನೇ ಮೂರನೆಯ ಗೇರಿಗೆ ಹಾಕಿದಳು.